ಗಾಲ್ಫ್: ಅವಸರವೂ ಬೇಡ, ವಿಳಂಬವೂ ಬೇಡ

ಕೆಲವು ತಿಂಗಳ ಹಿಂದೆ ಅರವತ್ತೊಂದು ವರ್ಷದ ನಿವೃತ್ತ ಅಧಿಕಾರಿಯೊಬ್ಬರು ಪತ್ನಿಯೊಂದಿಗೆ ರಕ್ತದೊತ್ತಡದ ತಪಾಸಣೆಗೆ ಬಂದಿದ್ದರು. "ಡಾಕ್ಟ್ರೇ, ನೀವು ವ್ಯಾಯಾಮ ಮಾಡಿ ಅಂದಿದ್ದಕ್ಕೆ ಗಾಲ್ಫ್ ಕಲಿತೆ. ಆರು ತಿಂಗಳಾಯ್ತು. ತೂಕ ಒಂದು ಕೆ.ಜಿ.ಯೂ ಇಳಿದಿಲ್ಲ, ಬಿ.ಪಿ. ಹಾಗೇ ಇದೆ" ಎಂಬುದು ಅವರ ದೂರು. ಪತ್ನಿಯ ದೂರು ಬೇರೆಯೇ ಇತ್ತು: "ಭಾನುವಾರ ಆಟ ಮುಗಿಸಿ ಮನೆಗೆ ಬಂದ್ರೆ ಇವರನ್ನ ಮಾತಾಡಿಸೋ ಹಾಗಿಲ್ಲ. ಮುಂದಿನವರು ನಿಧಾನ ಮಾಡಿದ್ರು, ಹಿಂದಿನವರು ಅವಸರ ಮಾಡಿದ್ರು ಅಂತ ಊಟದ ಹೊತ್ತಿನವರೆಗೂ ಅದೇ ರೇಗಾಟ."

ವಿವರವಾಗಿ ವಿಚಾರಿಸಿದಾಗ ಕಾರಣ ತಿಳಿಯಿತು. ವಾರಕ್ಕೊಮ್ಮೆ, ಅದೂ ಜನಸಂದಣಿಯ ಭಾನುವಾರ ಆಟ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಬ್ಯಾಟರಿ ಗಾಡಿ. ಐದು ಗಂಟೆಯಲ್ಲಿ ಬಹುಪಾಲು ಬಿಸಿಲಲ್ಲಿ ಕಾಯುವುದು, ಕಾಯುತ್ತಾ ಕುದಿಯುವುದು. ಕೊನೆಗೆ ಕ್ಲಬ್ಬಿನಲ್ಲಿ ಬಿಯರ್, ಜೊತೆಗೆ ಕರಿದ ತಿಂಡಿ. ಹದಿನೆಂಟು ಕುಳಿಗಳ ಆಟದ ನಂತರ ಬರುವ ಇದನ್ನು ಗಾಲ್ಫ್ ಆಡುವವರು ತಮಾಷೆಗೆ 'ಹತ್ತೊಂಬತ್ತನೇ ಹೋಲ್' ಎನ್ನುತ್ತಾರೆ. ಅಂದರೆ ಆಟದಲ್ಲಿದ್ದ ಔಷಧವನ್ನೆಲ್ಲ ಬಿಟ್ಟು, ಅಪಥ್ಯವನ್ನು ಮಾತ್ರ ಅವರು ಸೇವಿಸುತ್ತಿದ್ದರು.

ಗಾಲ್ಫ್‌ನಲ್ಲಿರುವ ಔಷಧ ಯಾವುದು? ಅದನ್ನು ಪಡೆಯುವ ಬಗೆ ಹೇಗೆ? ಈ ವಾರ ಅದನ್ನು ನೋಡೋಣ.

ನಡಿಗೆಯೇ ಮದ್ದು

ಬೆಂಗಳೂರಿಗೆ ಈ ಆಟ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದರೂ ನಮ್ಮ ಅನೇಕ ಮನೆಗಳಲ್ಲಿ ಗಾಲ್ಫ್ ಮಾತಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ, ಆಟದ ನಿಯಮ ಗೊತ್ತಿಲ್ಲದವರೂ ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕುಳಿತಿದ್ದರು.

ನಿಯಮ ಸರಳ. ಪುಟ್ಟ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ದೂರದ ಕುಳಿಗೆ ಸೇರಿಸಬೇಕು. ಇಂಥ 18 ಕುಳಿಗಳು. ಅಂಗಳದ ಉದ್ದ ಸುಮಾರು 6 ಕಿಲೋಮೀಟರ್ ಇದ್ದರೂ ಚೆಂಡು ನೇರವಾಗಿ ಹೋಗುವುದು ಅಪರೂಪ. ಅತ್ತಿತ್ತ ಅಲೆದು, ಹುಡುಕಿ, ಒಂದು ಕುಳಿಯಿಂದ ಮುಂದಿನದಕ್ಕೆ ದಾಟುವಷ್ಟರಲ್ಲಿ 8ರಿಂದ 10 ಕಿಲೋಮೀಟರ್ ನಡೆದಿರುತ್ತೀರಿ. ಹುಲ್ಲಿನ ಮೇಲೆ, ಏರುತಗ್ಗಿನಲ್ಲಿ, ಮರಗಳ ನಡುವೆ.

ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಮಟ್ಟದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆದು ಆಡುವ ಗಾಲ್ಫ್ ಈ ಮಟ್ಟಕ್ಕೆ ಸೇರುತ್ತದೆ. ಸ್ವೀಡನ್ನಿನಲ್ಲಿ ಸುಮಾರು 3 ಲಕ್ಷ ಗಾಲ್ಫ್ ಆಟಗಾರರನ್ನು ಕುರಿತು ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ವಯಸ್ಸು ಮತ್ತು ಅಂತಸ್ತಿನ ಇತರರಿಗಿಂತ ಆಟಗಾರರ ಮರಣದ ಪ್ರಮಾಣ ಶೇ 40ರಷ್ಟು ಕಡಿಮೆ ಇದ್ದುದು ಕಂಡುಬಂತು. ಇದೆಲ್ಲ ಗಾಲ್ಫ್‌ನಿಂದಲೇ ಬಂತು ಎನ್ನಲಾಗದು. ಆರೋಗ್ಯವಂತರೇ ಹೆಚ್ಚಾಗಿ ಆಟಕ್ಕೆ ಬರುತ್ತಾರೆ ಎಂಬುದೂ ನಿಜ. ಆದರೆ ಗಂಟೆಗಟ್ಟಲೆ ನಡಿಗೆ, ಹಸಿರು, ಗೆಳೆಯರ ಮಾತುಕತೆ ಸೇರಿದರೆ ಮೈಮನಸ್ಸಿಗೆ ಹಿತ ಎಂಬುದರಲ್ಲಿ ಅನುಮಾನವಿಲ್ಲ.

ಆದ್ದರಿಂದ ಮೊದಲ ಸಲಹೆ: ಮೊಣಕಾಲು ನೋವು ಅಥವಾ ಹೃದಯದ ತೊಂದರೆಯ ಕಾರಣ ವೈದ್ಯರು ಬೇಡವೆನ್ನದಿದ್ದರೆ ಗಾಡಿ ಹತ್ತಬೇಡಿ. ಹದಿನೆಂಟು ಕುಳಿ ನಡೆಯಲು ಆಗದಿದ್ದರೆ ಒಂಬತ್ತೇ ಆಡಿ. ಗಾಡಿಯಲ್ಲಿ ಹದಿನೆಂಟು ಆಡುವುದಕ್ಕಿಂತ ಕಾಲ್ನಡಿಗೆಯಲ್ಲಿ ಒಂಬತ್ತು ಮೇಲು.

ಹೊತ್ತು ಹೋಗುವುದೆಲ್ಲಿ?

ಸಾಧಾರಣ ಆಟಗಾರ ಒಂದು ಆಟದಲ್ಲಿ 90ರಿಂದ 100 ಸಲ ಚೆಂಡು ಹೊಡೆಯುತ್ತಾನೆ. ಒಂದು ಹೊಡೆತಕ್ಕೆ ಬೇಕಾದದ್ದು ಎರಡು ಸೆಕೆಂಡು. ಒಟ್ಟು ಮೂರೇ ನಿಮಿಷ! ಉಳಿದದ್ದೆಲ್ಲ ನಡಿಗೆ, ಯೋಚನೆ ಮತ್ತು ಕಾಯುವಿಕೆ. ನಾಲ್ವರು ಕೂಡಿ ಆಡಿದರೆ ನಾಲ್ಕು ಗಂಟೆ, ನಾಲ್ಕೂವರೆ ಗಂಟೆ ಹಿಡಿಯುವುದು ಸಹಜ. ಅದು ಐದು ದಾಟಿತೆಂದರೆ ಎಲ್ಲೋ ಹೊತ್ತು ಸೋರುತ್ತಿದೆ.

ಒಂದು ಲೆಕ್ಕ ನೋಡಿ. ನಾಲ್ವರಲ್ಲಿ ಪ್ರತಿಯೊಬ್ಬರೂ ಪ್ರತಿ ಹೊಡೆತಕ್ಕೆ ಮೊದಲು 15 ಸೆಕೆಂಡು ಹೆಚ್ಚು ತೆಗೆದುಕೊಂಡರೆಂದು ಇಟ್ಟುಕೊಳ್ಳಿ. ತಲಾ 90 ಹೊಡೆತದಂತೆ ನಾಲ್ವರದು 360. ಅದಕ್ಕೆ 15 ಸೆಕೆಂಡು ಎಂದರೆ ಒಂದೂವರೆ ಗಂಟೆ! ಅದರಲ್ಲಿ ಅರ್ಧ ಒಬ್ಬರ ಜೊತೆ ಇನ್ನೊಬ್ಬರದು ಕಳೆದುಹೋದರೂ ಮುಕ್ಕಾಲು ಗಂಟೆ ನಷ್ಟ. ಆ ಮುಕ್ಕಾಲು ಗಂಟೆ ಹಿಂದೆ ಬರುವ ಪ್ರತಿಯೊಂದು ತಂಡದ ತಲೆಯ ಮೇಲೂ ಬೀಳುತ್ತದೆ.

ಇದು ಬರೀ ಶಿಷ್ಟಾಚಾರದ ಮಾತಲ್ಲ, ಆರೋಗ್ಯದ ಮಾತೂ ಹೌದು. ನಡೆಯುತ್ತಿರುವಾಗ ಬೆಚ್ಚಗಿದ್ದ ಸ್ನಾಯುಗಳು ಹತ್ತು ನಿಮಿಷ ನಿಂತಲ್ಲೇ ನಿಂತರೆ ಬಿಗಿಯುತ್ತವೆ. ಕೂಡಲೇ ಸೊಂಟ ತಿರುಚಿ ಜೋರಾಗಿ ಬೀಸಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಗಾಲ್ಫ್ ಆಡುವವರನ್ನು ಹೆಚ್ಚಾಗಿ ಕಾಡುವುದು ಸೊಂಟನೋವೇ. ಕಾಯುವಿಕೆಯಿಂದ ಸಿಟ್ಟು ಬಂದರೆ ಅಡ್ರಿನಲಿನ್ ಸುರಿದು ನಾಡಿ ಬಡಿತವೂ ರಕ್ತದೊತ್ತಡವೂ ಏರುತ್ತವೆ. ಬಿ.ಪಿ. ಇಳಿಸಲು ಹೋದವರು ಏರಿಸಿಕೊಂಡು ಬರುವುದು ಹೀಗೆ.

ಅವಸರವೂ ಅಷ್ಟೇ ಕೆಟ್ಟದ್ದು. ಮುಂದಿನವರು ಇನ್ನೂ ದೂರ ಹೋಗಿಲ್ಲದಾಗಲೇ ಹೊಡೆಯುವ ಚಪಲ ಅಪಾಯಕಾರಿ. ಚೆಂಡಿನ ತೂಕ 46 ಗ್ರಾಂ ಮೀರದು. ಆದರೆ ಗಟ್ಟಿಯಾಗಿ ಹೊಡೆದ ಚೆಂಡು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಚಿಮ್ಮುತ್ತದೆ. ತಲೆಗೆ, ಕಣ್ಣಿಗೆ ಬಿದ್ದರೆ ಅನಾಹುತ. ಯಾರಾದರೂ 'ಫೋರ್!' ಎಂದು ಕೂಗಿದರೆ ಏನೆಂದು ತಿರುಗಿ ನೋಡಬೇಡಿ. ತಲೆಯನ್ನು ಕೈಗಳಿಂದ ಮುಚ್ಚಿಕೊಂಡು ಬಗ್ಗಿ.

ಹದವಾದ ಗತಿಗೆ ಹತ್ತಿರದ ದಾರಿ

ಆಟ ಚುರುಕಾಗಲು ಓಡಬೇಕಿಲ್ಲ. ಸಿದ್ಧರಾಗಿದ್ದರೆ ಸಾಕು. ಇತರರು ಹೊಡೆಯುವಾಗಲೇ ನಿಮ್ಮ ಹೊಡೆತಕ್ಕೆ ಯಾವ ದಾಂಡು, ಯಾವ ದಿಕ್ಕು ಎಂದು ಯೋಚಿಸಿಟ್ಟುಕೊಳ್ಳಿ. ಸರದಿ ಬಂದಾಗ ಒಂದೇ ಒಂದು ಬಾರಿ ಗಾಳಿಯಲ್ಲಿ ಬೀಸಿ ನೋಡಿ, ಹೊಡೆಯಿರಿ. ಅಂಕ ಬರೆಯುವುದು ಮುಂದಿನ ಕುಳಿಯ ಬಳಿ ಹೋದ ಮೇಲೆ.

ನಿಯಮಗಳೂ ಇದಕ್ಕೆ ಒತ್ತಾಸೆಯಾಗಿವೆ. 2019ರಲ್ಲಿ ಬಂದ ತಿದ್ದುಪಡಿಯಂತೆ ಕಳೆದ ಚೆಂಡನ್ನು ಹುಡುಕಲು ಇರುವ ಅವಧಿ ಮೂರು ನಿಮಿಷ, ಮೊದಲು ಐದಿತ್ತು. ಅಡೆತಡೆ ಇಲ್ಲದಿದ್ದರೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬುದು ಸಲಹೆ. ಹೊಡೆತಗಳನ್ನು ಎಣಿಸುವ ಆಟದಲ್ಲಿ, ಅಪಾಯವಿಲ್ಲದಿದ್ದರೆ, ಸರದಿ ನೋಡದೆ ಯಾರು ಸಿದ್ಧರೋ ಅವರು ಹೊಡೆಯಬಹುದು. ಹಿಂದಿನ ತಂಡ ನಿಮಗಿಂತ ವೇಗವಾಗಿದ್ದರೆ ನಗುನಗುತ್ತಾ ದಾರಿ ಬಿಡಿ. ಮಾನವೇನೂ ಹೋಗುವುದಿಲ್ಲ, ಮನಸ್ಸು ಹಗುರಾಗುತ್ತದೆ.

ಕಾಯಲೇಬೇಕಾಗಿ ಬಂದರೆ? ನೆರಳಿಗೆ ಹೋಗಿ, ಆದರೆ ಕುಕ್ಕರಿಸಿ ಕೂರಬೇಡಿ. ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ಅಡ್ಡಾಡಿ. ಭುಜ, ಸೊಂಟಗಳನ್ನು ಮೆಲ್ಲಗೆ ತಿರುಗಿಸಿ. ಎರಡು ಗುಟುಕು ನೀರು ಕುಡಿಯಿರಿ. ಮರದ ಮೇಲಿನ ಹಕ್ಕಿಯನ್ನು ನೋಡಲೂ ಇದೇ ಹೊತ್ತು.

ಮನೆಯಿಂದ ಹೊರಡುವ ಮುನ್ನ

* ಆಟಕ್ಕೆ ಹತ್ತು ನಿಮಿಷ ಮೊದಲೇ ತಲುಪಿ ಕೈಕಾಲು, ಬೆನ್ನು ಸಡಿಲಿಸಿಕೊಳ್ಳಿ. ಕಾರಿನಿಂದ ಇಳಿದವರೇ ಜೋರಾಗಿ ಬೀಸಬೇಡಿ.

* ಬೆಂಗಳೂರು, ಮೈಸೂರಿನ ತಂಪು ಗಾಳಿ ಮೋಸಗಾರ. ಕರಾವಳಿಯಂತೆ ಬೆವರು ಮೈಗೆ ಅಂಟುವುದಿಲ್ಲವಾದ್ದರಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ಬಾಯಾರುವ ಮೊದಲೇ ನೀರು ಅಥವಾ ಮಜ್ಜಿಗೆ ಕುಡಿಯಿರಿ. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿ ಅಂಗಿ ಇರಲಿ.

* ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೋಗಬಾರದು. ನಾಲ್ಕು ಗಂಟೆ ನಡೆದರೆ ಸಕ್ಕರೆ ಏಕಾಏಕಿ ಇಳಿಯಬಹುದು. ಕೈನಡುಕ, ತಣ್ಣನೆ ಬೆವರು, ಮಂಕು ಅದರ ಲಕ್ಷಣ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಜೊತೆಯವರಿಗೂ ವಿಷಯ ತಿಳಿಸಿರಿ.

* ಕುಳಿಯಿಂದ ಚೆಂಡು ತೆಗೆಯುವಾಗ ಸೊಂಟ ಬಗ್ಗಿಸುವ ಬದಲು ಮೊಣಕಾಲು ಮಡಿಸಿ.

* ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ. ಒಂಟಿ ಮರದಡಿ ನಿಲ್ಲಲೇಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ. ಅಮೆರಿಕದ ಪ್ರಸಿದ್ಧ ಆಟಗಾರ ಲೀ ಟ್ರೆವಿನೊಗೆ 1975ರಲ್ಲಿ ಪಂದ್ಯದ ನಡುವೆಯೇ ಸಿಡಿಲು ತಗುಲಿ, ಬೆನ್ನಿನ ತೊಂದರೆ ಬಹುಕಾಲ ಕಾಡಿತು.

ಚೀಲ ಹೊರುವವರನ್ನು ಮರೆಯಬೇಡಿ

ನೀವು ನಡೆದಷ್ಟೇ ದೂರ ನಿಮ್ಮ ಕ್ಯಾಡಿಯೂ ನಡೆಯುತ್ತಾನೆ, ಹೆಗಲಲ್ಲಿ ಹತ್ತು ಹದಿನೈದು ಕೆ.ಜಿ. ಭಾರದ ಚೀಲದೊಂದಿಗೆ. ಕೆಲವರು ದಿನಕ್ಕೆ ಎರಡು ಸಲ ನಡೆಯುತ್ತಾರೆ. ನಿಮ್ಮ ವಿಳಂಬ ಅವನಿಗೂ ಬಿಸಿಲೇ. ಚೀಲದಿಂದ ಬೇಡದ ವಸ್ತುಗಳನ್ನು ಮನೆಯಲ್ಲೇ ತೆಗೆದಿಡಿ. ಸಾಧ್ಯವಿದ್ದಲ್ಲಿ ಹೊರುವ ಬದಲು ತಳ್ಳುವ ಗಾಡಿ ಬಳಸಿ. ನೀವು ನೀರು ಕುಡಿಯುವಾಗ ಅವನಿಗೂ ಕೊಡಿ, ತಿಂಡಿಯನ್ನೂ ಹಂಚಿಕೊಳ್ಳಿ.

ಅರ್ಧಕ್ಕೇ ಬಿಡುವುದು ಸೋಲಲ್ಲ

ಕೊನೆಯದಾದರೂ ಇದು ಅತಿ ಮುಖ್ಯ. ಆಟದ ನಡುವೆ ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಏದುಸಿರು, ತಣ್ಣನೆ ಬೆವರು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಕುಳಿತುಕೊಳ್ಳಿ. "ಗ್ಯಾಸ್ಟ್ರಿಕ್ ಇರಬೇಕು, ಇನ್ನು ಎರಡೇ ಹೋಲ್, ಮುಗಿಸಿಯೇ ಹೋಗೋಣ" ಎಂದವರನ್ನು ವೈದ್ಯರು ಕಂಡಿದ್ದಾರೆ. ಎಲ್ಲರೂ ಮುಗಿಸಿ ಬಂದಿಲ್ಲ. ಜೊತೆಯವರು ತಡಮಾಡದೆ 108ಕ್ಕೆ ಕರೆ ಮಾಡಬೇಕು, ರೋಗಿಯನ್ನು ನಡೆಸಬಾರದು. ನಲವತ್ತೈದು ದಾಟಿ ಹೊಸದಾಗಿ ಆಟ ಆರಂಭಿಸುವವರು, ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಧೂಮಪಾನದ ಅಭ್ಯಾಸ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳುವುದು ಒಳಿತು.

ಆರಂಭದಲ್ಲಿ ಹೇಳಿದ ಅಧಿಕಾರಿ ಈಗ ಗಾಡಿ ಬಿಟ್ಟಿದ್ದಾರೆ. ಜನ ಕಡಿಮೆ ಇರುವ ವಾರದ ದಿನಗಳಲ್ಲಿ ಎರಡು ಬೆಳಿಗ್ಗೆ, ಒಂಬತ್ತು ಕುಳಿ ಮಾತ್ರ ಆಡುತ್ತಾರೆ. ಹತ್ತೊಂಬತ್ತನೇ ಹೋಲ್‌ನಲ್ಲಿ ಮಜ್ಜಿಗೆ. ಮಾತ್ರೆ ಮುಂದುವರಿದಿದೆ. ವ್ಯಾಯಾಮ ಆರಂಭಿಸಿದೆವೆಂದು ಬಿ.ಪಿ. ಮಾತ್ರೆಯನ್ನು ತಾವಾಗಿಯೇ ಯಾರೂ ನಿಲ್ಲಿಸಬಾರದು. ಕಳೆದ ಸಲ ಬಂದಾಗ ಒತ್ತಡ ಹತೋಟಿಯಲ್ಲಿತ್ತು, ತೂಕವೂ ಸ್ವಲ್ಪ ಇಳಿದಿತ್ತು. "ಆಟ ಹೇಗಿದೆ?" ಎಂದು ಕೇಳಿದೆ. "ಅಂಕ ಹಾಗೇ ಇದೆ ಡಾಕ್ಟ್ರೇ" ಎಂದರು. ಪತ್ನಿ ಪಕ್ಕದಲ್ಲಿ ನಗುತ್ತಿದ್ದರು. "ಪರವಾಗಿಲ್ಲ, ಈಗ ಮನೆಗೆ ಬಂದ ಮೇಲೆ ಮಾತಾಡ್ತಾರೆ."