ಕ್ಯಾಪ್ಟನ್ ನಿಮ್ಮ ಮಾತು ಕೇಳದಿದ್ದರೆ?

ಅಗ್ಗದ ದರದ ವಿಮಾನಯಾನ ಸಂಸ್ಥೆಗಳ ಪೈಲಟ್ ಸಂದರ್ಶನದಲ್ಲಿ ಒಂದಲ್ಲ ಒಂದು ರೂಪದಲ್ಲಿ ಎದುರಾಗುವ ಪ್ರಶ್ನೆಯೊಂದಿದೆ. ವಿಮಾನ ಇಳಿಯುವ ಹಾದಿಯಲ್ಲಿದೆ, ಎತ್ತರ ಇರಬೇಕಾದ್ದಕ್ಕಿಂತ ಜಾಸ್ತಿ, ವೇಗವೂ ಜಾಸ್ತಿ. ನೀವು ಸಹಪೈಲಟ್. ‘ಗೋ ಅರೌಂಡ್’ ಎಂದಿರಿ. ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು. ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗೇನು ಮಾಡುತ್ತೀರಿ? ಲೈಸೆನ್ಸಿಗೆ ಬೇಕಾದ ಕನಿಷ್ಠ 200 ಗಂಟೆ ಹಾರಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಮನೆಯವರ ತಲೆಯ ಮೇಲೆ ದೊಡ್ಡ ಸಾಲ ಹೊರಿಸಿ ಬಂದ ಅಭ್ಯರ್ಥಿ ಇದಕ್ಕೆ ಉತ್ತರವನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾನೆ. ಹಿಂದಿನ ಸಂದರ್ಶನಗಳಲ್ಲಿ ಕೇಳಿದ ಪ್ರಶ್ನೆಗಳ ಕಟ್ಟು, ಅವಕ್ಕೆ ಸಿದ್ಧ ಉತ್ತರಗಳ ಇನ್ನೊಂದು ಕಟ್ಟು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಈ ಬಗೆಯ ತಯಾರಿ ದಿಕ್ಕು ತಪ್ಪಿದ್ದು ಎಂಬುದು ನನ್ನ ವಾದ. ಆ ಕೊಠಡಿಯ ಬಹುಪಾಲು ಪ್ರಶ್ನೆಗಳ ಹಿಂದೆ ಒಂದು ಅಪಘಾತವಿದೆ, ಒಂದು ತನಿಖಾ ವರದಿಯಿದೆ. ಉಳಿದವುಗಳ ಹಿಂದೆ ಅಗ್ಗದ ಟಿಕೆಟ್ಟಿನ ಲೆಕ್ಕಾಚಾರವಿದೆ. ಪ್ರಶ್ನೆ ಹುಟ್ಟಿದ ಬಗೆ ಗೊತ್ತಿಲ್ಲದವರಿಗೆ ಉತ್ತರ ಗೊತ್ತಿದ್ದರೂ ಅದು ಹೆಚ್ಚು ದೂರ ಬರುವುದಿಲ್ಲ.

ಹಾರಲು ಯಾರು ಲಾಯಕ್ಕು ಎಂದು ಮೊದಲೇ ಅಳೆಯುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೇನಾ ವಾಯುಪಡೆ ಲಕ್ಷಗಟ್ಟಲೆ ಯುವಕರನ್ನು ಪರೀಕ್ಷಿಸಬೇಕಿತ್ತು. ಆ ಕೆಲಸ ಮನಶ್ಶಾಸ್ತ್ರಜ್ಞ ಜಾನ್ ಫ್ಲನಗನ್ ಅವರ ಪಾಲಿಗೆ ಬಂತು. ಕೈಗೋಲು ಮತ್ತು ಕಾಲ್ಪೆಡಲುಗಳನ್ನು ಒಟ್ಟಿಗೆ ಆಡಿಸುತ್ತ ಬೆಳಕಿನ ಸಂಜ್ಞೆಗಳಿಗೆ ಹೊಂದಿಸುವ ಯಂತ್ರ, ಡಯಲುಗಳನ್ನು ಬೇಗ ಓದುವ ಪರೀಕ್ಷೆ, ದಿಕ್ಕು ಗುರುತಿಸುವ ಚಿತ್ರಗಳು, ಎಲ್ಲ ಸೇರಿ ಒಂದರಿಂದ ಒಂಬತ್ತರ ನಡುವೆ ಒಂದು ಅಂಕ. ಇಂದು ಕಂಪ್ಯೂಟರ್ ಮುಂದೆ ಕೂತು ಜಾಯ್‌ಸ್ಟಿಕ್ ಹಿಡಿದು ಅಭ್ಯರ್ಥಿಗಳು ಎದುರಿಸುವ ಆಪ್ಟಿಟ್ಯೂಡ್ ಪರೀಕ್ಷೆ ಇದರ ನೇರ ಸಂತತಿ. ವಿಡಿಯೊ ಗೇಮ್ ಆಡಿಸಿ ಪೈಲಟ್‌ನನ್ನು ಆರಿಸುವುದೇ ಎಂದು ಗೊಣಗುವವರಿಗೆ ಉತ್ತರವೂ ಅಲ್ಲೇ ಇದೆ. ಫ್ಲನಗನ್ ತಂಡ ಒಮ್ಮೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷೆಯಲ್ಲಿ ಪಡೆದ ಅಂಕ ಲೆಕ್ಕಿಸದೆ ತರಬೇತಿಗೆ ಕಳಿಸಿತು. ತೀರಾ ಕಡಿಮೆ ಅಂಕದವರಲ್ಲಿ ಬಹುತೇಕರು ನಡುವೆಯೇ ಹೊರಬಿದ್ದರು, ಮೇಲಿನ ಅಂಕದವರಲ್ಲಿ ಬಹುಪಾಲು ಮಂದಿ ದಾಟಿದರು. ಆದರೆ ಸಂದರ್ಶನದ ಮಟ್ಟಿಗೆ ಫ್ಲನಗನ್ ಅವರ ದೊಡ್ಡ ಕೊಡುಗೆ ಬೇರೆಯದು. ತರಬೇತಿಯಲ್ಲಿ ಸೋತವರ ಕಡತಗಳಲ್ಲಿ ‘ವಿವೇಚನೆ ಸಾಲದು’, ‘ಸ್ವಭಾವ ಸರಿಯಿಲ್ಲ’ ಎಂಬಂಥ ಹಾರಿಕೆಯ ಟಿಪ್ಪಣಿಗಳಿದ್ದವು. ಅವುಗಳಿಂದ ಪ್ರಯೋಜನವಿಲ್ಲವೆಂದು ಅವರು ನಿಜವಾಗಿ ಏನು ನಡೆಯಿತು, ಆಗ ಆ ವ್ಯಕ್ತಿ ಏನು ಮಾಡಿದ ಎಂದು ಒಂದೊಂದೇ ಘಟನೆಯನ್ನು ಕೇಳಿ ಬರೆಸಿದರು. 1954ರಲ್ಲಿ ಈ ವಿಧಾನವನ್ನು ಶಾಸ್ತ್ರೀಯವಾಗಿ ಮಂಡಿಸಿದರು. ‘ತಂಡದಲ್ಲಿ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ, ನೀವೇನು ಮಾಡಿದಿರಿ’ ಎಂದು ಸಂದರ್ಶಕರು ಕೇಳುವಾಗ ಅನುಸರಿಸುವುದು ಇದೇ ಜಾಡನ್ನು.

ಆದರೆ ಯುದ್ಧಕಾಲದ ಆಯ್ಕೆ ಹುಡುಕುತ್ತಿದ್ದದ್ದು ಒಬ್ಬ ಒಳ್ಳೆಯ ಹಾರಾಟಗಾರನನ್ನು. ಇಬ್ಬರು ಕೂಡಿ ಹಾರಿಸುವುದು ಬೇರೆಯೇ ಕಸುಬು ಎಂಬುದು ಅರಿವಾಗಲು ಇನ್ನೂ ಮೂರು ದಶಕ ಬೇಕಾಯಿತು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಡಚ್ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಹಿರಿಯ ತರಬೇತುದಾರ, ಎಲ್ಲರೂ ಗೌರವಿಸುತ್ತಿದ್ದ ವ್ಯಕ್ತಿ. ಕರ್ತವ್ಯದ ಅವಧಿ ಮೀರುವ ಆತಂಕವಿತ್ತು, ಹೊರಡುವ ಅವಸರವಿತ್ತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಎಂದರು, ಅವರು ಸುಮ್ಮನಾದರು. ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನ ಚಕ್ರದ ತೊಂದರೆ ಸರಿಪಡಿಸುತ್ತ ಸುತ್ತು ಹೊಡೆದು ಹೊಡೆದು ಇಂಧನ ಮುಗಿದು ಬಿತ್ತು. ಇಂಧನ ಇಳಿಯುತ್ತಿರುವುದು ಸಿಬ್ಬಂದಿಗೆ ಗೊತ್ತಿತ್ತು, ಕ್ಯಾಪ್ಟನ್‌ಗೆ ತಟ್ಟುವಂತೆ ಯಾರೂ ಹೇಳಲಿಲ್ಲ. 1979ರಲ್ಲಿ ನಾಸಾ ಈ ಕುರಿತು ಕಾರ್ಯಾಗಾರ ನಡೆಸಿತು. 1981ರಲ್ಲಿ ಅದೇ ಯುನೈಟೆಡ್ ತನ್ನ ಪೈಲಟ್‌ಗಳಿಗೆ ಒಟ್ಟಾಗಿ ಕೆಲಸ ಮಾಡುವ, ಹಿರಿಯರ ತಪ್ಪನ್ನು ಎತ್ತಿ ಹೇಳುವ ತರಬೇತಿ ಆರಂಭಿಸಿತು. ಇಂದು ಎಲ್ಲ ಪೈಲಟ್‌ಗಳೂ ಸಿಆರ್‌ಎಂ ಎಂದು ಕರೆಯುವುದು ಇದನ್ನೇ. ಸಂದರ್ಶನದ ಗುಂಪು ಚಟುವಟಿಕೆಯಲ್ಲಿ ಮೂಲೆಯಲ್ಲಿ ಕೂತ ಪರಿವೀಕ್ಷಕರು ಗುರುತು ಹಾಕಿಕೊಳ್ಳುವುದು ಅಲ್ಲಿ ಯಾರು ಗೆದ್ದರು ಎಂಬುದನ್ನಲ್ಲ. ಯಾರು ಇನ್ನೊಬ್ಬರ ಮಾತಿಗೆ ಜಾಗ ಬಿಟ್ಟರು, ತಮ್ಮ ಸಂಶಯವನ್ನು ನುಂಗಿಕೊಳ್ಳದೆ ಯಾರು ಹೇಳಿದರು ಎಂಬುದನ್ನು.

ಇದೆಲ್ಲ ಯಾವ ವಿಮಾನ ಸಂಸ್ಥೆಗೂ ಸಲ್ಲುವ ಮಾತು. ಅಗ್ಗದ ದರದ ಸಂಸ್ಥೆಯ ಸಂದರ್ಶನಕ್ಕೆ ಅದರದೇ ಒಂದು ಬಣ್ಣ ಬಂದದ್ದು ಅದರ ಲೆಕ್ಕಾಚಾರದಿಂದ. 1971ರಲ್ಲಿ ಟೆಕ್ಸಾಸ್‌ನಲ್ಲಿ ಹಾರಾಟ ಆರಂಭಿಸಿದ ಸೌತ್‌ವೆಸ್ಟ್, ಮರುವರ್ಷ ಹಣದ ಮುಗ್ಗಟ್ಟಿನಿಂದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಿತು. ನಾಲ್ಕರ ವೇಳಾಪಟ್ಟಿಯನ್ನು ಮೂರರಲ್ಲಿ ನಡೆಸಲು, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಿಸುವ ಅಭ್ಯಾಸ ಬೆಳೆಯಿತು. ನೆಲದ ಮೇಲೆ ನಿಂತ ವಿಮಾನ ಸಂಪಾದಿಸುವುದಿಲ್ಲ, ಒಂದೇ ಮಾದರಿಯ ವಿಮಾನವಿದ್ದರೆ ಯಾವ ಪೈಲಟ್ ಯಾವುದನ್ನು ಬೇಕಾದರೂ ಹಾರಿಸಬಹುದು. ಈ ಎರಡು ಸೂತ್ರಗಳನ್ನು ಯುರೋಪಿನಲ್ಲಿ ರಯಾನ್‌ಏರ್, ನಮ್ಮಲ್ಲಿ 2006ರಲ್ಲಿ ಹಾರತೊಡಗಿದ ಇಂಡಿಗೊ ಗಟ್ಟಿಯಾಗಿ ಹಿಡಿದವು. ಭಾರತದಲ್ಲಿ ಅಗ್ಗದ ಹಾರಾಟದ ಬಾಗಿಲು ತೆರೆದದ್ದು ಬೆಂಗಳೂರಿನಿಂದ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಎಟಿಆರ್ ವಿಮಾನಗಳಿಂದ ಕೆಲಸ ಶುರು ಮಾಡಿತು. ಪೈಲಟ್ ಮಟ್ಟಿಗೆ ಈ ಲೆಕ್ಕಾಚಾರದ ಅರ್ಥ ಇಷ್ಟು: ದಿನಕ್ಕೆ ನಾಲ್ಕೈದು ಸೆಕ್ಟರ್ (ಊರಿಂದೂರಿಗೆ ಒಂದೊಂದು ಹಾರಾಟ), ನಡುವೆ ಅರ್ಧ ಗಂಟೆಯ ಬಿಡುವು, ಆ ಬಿಡುವಿನಲ್ಲೇ ವಿಮಾನದ ಸುತ್ತ ತಪಾಸಣೆ, ಇಂಧನದ ಲೆಕ್ಕ, ಮುಂದಿನ ಊರಿನ ಹವೆಯ ವರದಿ. ತಡವಾಗಿದೆ, ಕ್ಯಾಪ್ಟನ್ ಚೆಕ್‌ಲಿಸ್ಟನ್ನು ಅವಸರದಲ್ಲಿ ಮುಗಿಸುತ್ತಿದ್ದಾರೆ, ನೀವೇನು ಹೇಳುತ್ತೀರಿ ಎಂಬ ಪ್ರಶ್ನೆ ಇಲ್ಲಿ ಕೇವಲ ಊಹೆಯದಲ್ಲ, ವಾರದ ಕೆಲಸದಲ್ಲೇ ಬರುವಂಥದ್ದು.

ಕನ್ನಡನಾಡಿನ ಅಭ್ಯರ್ಥಿಗೆ ಇದನ್ನು ಅರಿಯಲು ಟೆನೆರಿಫ್‌ವರೆಗೆ ಹೋಗಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು ಎಂಟೇ ಜನ. ತನಿಖಾ ವರದಿಯನ್ನು ಓದಿದರೆ ಸಂದರ್ಶನದ ಮೊದಲ ಪ್ರಶ್ನೆ ಅಕ್ಷರಶಃ ಅದರಲ್ಲೇ ಸಿಗುತ್ತದೆ. ಧ್ವನಿಮುದ್ರಿಕೆಯಲ್ಲಿ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳಿಬ್ಬರ ನಡುವೆ ಮಾತೇ ಇಲ್ಲ, ಗೊರಕೆಯ ಸದ್ದಿದೆ. ದೀರ್ಘ ನಿದ್ದೆಯಿಂದ ಎದ್ದ ಕ್ಯಾಪ್ಟನ್‌ನ ವಿವೇಚನೆ ಮಂಕಾಗಿತ್ತು. ವಿಮಾನ ಬಹಳ ಎತ್ತರದಲ್ಲಿತ್ತು. ಸಹಪೈಲಟ್ ಮೂರು ಸಲ ಗೋ ಅರೌಂಡ್ ಎಂದರು, ಯಂತ್ರದ ಎಚ್ಚರಿಕೆಗಳೂ ಕೂಗಿದವು, ಇಳಿಯುವಿಕೆ ನಿಲ್ಲಲಿಲ್ಲ. ಹತ್ತು ವರ್ಷದ ಬಳಿಕ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡ್‌ನ ಇನ್ನೊಂದು ಗುಡ್ಡದ ರನ್‌ವೇಯಲ್ಲಿ, ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ರನ್‌ವೇಯ ಅರ್ಧ ದಾಟಿ ನೆಲ ಮುಟ್ಟಿ ಜಾರಿತು. 21 ಮಂದಿ ಹೋದರು. ಅಲ್ಲಿಯೂ ಸಹಪೈಲಟ್ ಗೋ ಅರೌಂಡ್ ಎಂದಿದ್ದರು. ಕ್ಯಾಪ್ಟನ್ ಮತ್ತು ಸಹಪೈಲಟ್ ನಡುವಿನ ಅಧಿಕಾರದ ಅಂತರ ಕಡಿದಾಗಿತ್ತು ಎಂದು ವರದಿ ಬರೆಯಿತು. ಜೊತೆಗೆ ಇನ್ನೊಂದು ಮಾತನ್ನೂ ಬರೆಯಿತು: ಅಲ್ಲಿ ಕ್ಯಾಪ್ಟನ್‌ಗಳ ಕೊರತೆಯಿತ್ತು, ಮರುದಿನ ಬೆಳಗಿನ ಹಾರಾಟಕ್ಕೆ ತಾನೇ ಇರಬೇಕೆಂಬ ಒತ್ತಡ ಬೇರೆ ಊರಿಗೆ ಹೋಗುವ ಯೋಚನೆಯನ್ನು ಹಿಂದಕ್ಕೆ ತಳ್ಳಿತ್ತು. ಅಪಘಾತದ ಕಥೆಯೂ ಅಗ್ಗದ ಹಾರಾಟದ ಲೆಕ್ಕವೂ ಒಂದೇ ಕಾಕ್‌ಪಿಟ್‌ನಲ್ಲಿ ಕೂಡಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ವಿರಳ. ಇವೆರಡು ವರದಿಗಳನ್ನು ಓದಿದ ಅಭ್ಯರ್ಥಿಗೆ, ಮೊದಲು ಏನು ತಪ್ಪಾಗಿದೆ ಎಂದು ಅಂಕಿ ಸಹಿತ ಹೇಳುವುದು, ಉತ್ತರ ಬಾರದಿದ್ದರೆ ಸ್ಪಷ್ಟವಾಗಿ ಗೋ ಅರೌಂಡ್ ಎನ್ನುವುದು, ಎರಡನೇ ಬಾರಿಗೂ ಪ್ರತಿಕ್ರಿಯೆ ಇಲ್ಲದಿದ್ದರೆ ಕ್ಯಾಪ್ಟನ್ ಅಶಕ್ತರಾಗಿದ್ದಾರೆಂದು ಭಾವಿಸಿ ನಿಯಂತ್ರಣ ತಾನೇ ತೆಗೆದುಕೊಳ್ಳುವುದು, ಈ ಮೆಟ್ಟಿಲುಗಳಲ್ಲಿ ಒಂದೊಂದೂ ಯಾಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಬಾಯಿಪಾಠದಿಂದಲೂ ಕೆಲಸ ಸಿಕ್ಕವರಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಒಂದು ಹುದ್ದೆಗೆ ಹತ್ತಾರು ಮಂದಿ ಕಾದಿರುವಾಗ, ಸಾಲದ ಕಂತು ತಲೆಯ ಮೇಲಿರುವಾಗ, ಸಿದ್ಧ ಉತ್ತರಕ್ಕೆ ಕೈಹಾಕುವವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಈ ಆಯ್ಕೆ ವ್ಯವಸ್ಥೆ ನಿಂತಿರುವುದೇ ಎರಡನೇ, ಮೂರನೇ ಪ್ರಶ್ನೆಯ ಮೇಲೆ. ‘ಆಗ ಎಷ್ಟು ಎತ್ತರದಲ್ಲಿದ್ದಿರಿ?’ ‘ಕ್ಯಾಪ್ಟನ್ ಸರಿಯಿರಬಹುದು ಎಂದು ನಿಮಗೆ ಅನಿಸಲಿಲ್ಲವೇ?’ ‘ಅದೇ ಮಾತನ್ನು ಇಲ್ಲಿ ನನಗೆ ಹೇಳಿ ತೋರಿಸಿ.’ ಮೊದಲ ಉತ್ತರ ಎರವಲಾದರೆ ಇಲ್ಲಿ ದಾರಿ ಮುಗಿಯುತ್ತದೆ. 2013ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಪೈಲಟ್‌ಗೆ ಬೇಕಾದ ಎಂಟು ಸಾಮರ್ಥ್ಯಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ವಿಮಾನವನ್ನು ಕೈಯಾರೆ ಹಾರಿಸುವುದು ಒಂದು, ಸ್ವಯಂಚಾಲಿತ ವ್ಯವಸ್ಥೆಯ ಮೂಲಕ ಹಾರಿಸುವುದು ಇನ್ನೊಂದು. ಸಂವಹನ, ನಾಯಕತ್ವ ಮತ್ತು ತಂಡದ ಕೆಲಸ, ನಿರ್ಧಾರ, ಪರಿಸ್ಥಿತಿಯ ಅರಿವು, ಕೆಲಸದ ಹೊರೆ ನಿಭಾಯಿಸುವುದು, ಕ್ರಮ ಪಾಲಿಸುವುದು ಉಳಿದವು. ಸಂದರ್ಶಕರು ಸಾಮಾನ್ಯವಾಗಿ ಇಂಥದೇ ಪಟ್ಟಿಯ ಎದುರು ಅಂಕ ಹಾಕುತ್ತಾರೆ. ಕಾಲೇಜಿನ ಕ್ರಿಕೆಟ್ ತಂಡದ ಜಗಳವನ್ನು ನಿಜವಾಗಿ ಯೋಚಿಸಿ ಹೇಳುವ ಹುಡುಗಿಗೆ, ಹಾರಾಟದ ಕಲ್ಪಿತ ಸಾಹಸ ಹೇಳುವವನಿಗಿಂತ ಹೆಚ್ಚು ಅಂಕ ಬೀಳುವುದು ಅದಕ್ಕೇ.

ಇನ್ನೊಂದು ಆಕ್ಷೇಪ ನಮ್ಮ ಊರುಗಳಿಂದ ಬರುತ್ತದೆ, ಅದು ಹಗುರವಾದುದಲ್ಲ. ಇದು ಇಂಗ್ಲಿಷ್ ಮಾತಿನ ಪರೀಕ್ಷೆಯಾಗಿಬಿಟ್ಟಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ ಎಂಬುದು. ಇಂಗ್ಲಿಷ್ ಕಡ್ಡಾಯವಾದುದರ ಹಿಂದೆಯೂ ಸಾವುಗಳಿವೆ, ಅವುಗಳಲ್ಲಿ ಕೆಲವು ನಮ್ಮ ನೆಲದವೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿ ಮತ್ತು ಕಜಖ್ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಖ್ ಸಿಬ್ಬಂದಿಯ ಇಂಗ್ಲಿಷ್ ಕೊರತೆ ಕಾರಣಗಳಲ್ಲಿ ಒಂದಾಗಿತ್ತು. ಇಂಥ ಅಪಘಾತಗಳ ಬಳಿಕ ಆರು ಹಂತದ ಭಾಷಾ ಅಳತೆ ಬಂತು, ನಾಲ್ಕನೇ ಹಂತ ಕನಿಷ್ಠವಾಯಿತು. ಆ ಅಳತೆ ಕೇಳುವುದು ಉಚ್ಚಾರ ತಿಳಿಯುವಂತಿರಬೇಕು, ಅನಿರೀಕ್ಷಿತ ಸಂದರ್ಭದಲ್ಲೂ ಅರ್ಥ ಕೆಡಬಾರದು ಎಂಬುದನ್ನು, ಕಾನ್ವೆಂಟಿನ ಶೈಲಿಯನ್ನಲ್ಲ. 1990ರಲ್ಲಿ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಅವಿಯಾಂಕ ವಿಮಾನದ ಸಿಬ್ಬಂದಿಗೆ ಇಂಗ್ಲಿಷ್ ಬರುತ್ತಿತ್ತು, ‘ತುರ್ತು ಪರಿಸ್ಥಿತಿ’ ಎಂಬ ನಿಗದಿತ ಪದವನ್ನು ಮಾತ್ರ ಅವರು ಬಳಸಲಿಲ್ಲ. ಹಾಗಾಗಿ ಸಂದರ್ಶಕರು ಉಚ್ಚಾರದ ಠೀವಿಗೆ ಮಣೆ ಹಾಕಿದರೆ ಅದು ಅವರ ತಪ್ಪು, ಖಂಡಿಸಬೇಕಾದದ್ದು. ಅಭ್ಯರ್ಥಿಯಾದರೋ ದಿನವೂ ಗಟ್ಟಿಯಾಗಿ, ಚಿಕ್ಕ ವಾಕ್ಯಗಳಲ್ಲಿ, ಒಂದು ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಅಭ್ಯಾಸ ಮಾಡಲಿ. ಪುಸ್ತಕದ ಅಲಂಕಾರದ ಇಂಗ್ಲಿಷ್ ಅಲ್ಲಿ ಬೇಕಾಗಿಲ್ಲ.

ಸೋಲಿನ ಬಗ್ಗೆ ಕೇಳುವ ಪ್ರಶ್ನೆಯನ್ನು ಹೆಚ್ಚಿನವರು ಬಲೆ ಎಂದು ಭಾವಿಸುತ್ತಾರೆ. ಎಷ್ಟು ಪರೀಕ್ಷೆಯಲ್ಲಿ ಫೇಲಾಗಿದ್ದೀರಿ, ಯಾವ ಹಾರಾಟ ಪರೀಕ್ಷೆ ಮತ್ತೆ ಕೊಡಬೇಕಾಯಿತು? 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ಬಳಿ ಬಿದ್ದ ಕೋಲ್ಗನ್ ಸಂಸ್ಥೆಯ ವಿಮಾನದ ಕ್ಯಾಪ್ಟನ್, ತನ್ನ ಹಿಂದಿನ ಕೆಲವು ಸೋಲುಗಳನ್ನು ನೇಮಕಾತಿ ವೇಳೆ ತಿಳಿಸಿರಲಿಲ್ಲ. ಪೈಲಟ್‌ಗಳ ತರಬೇತಿ ದಾಖಲೆಗಳು ಸಂಸ್ಥೆಗಳಿಗೆ ಸಿಗುವಂತೆ ಆಮೇಲೆ ಅಲ್ಲಿ ಕಾನೂನೇ ಬಂತು. ನಮ್ಮಲ್ಲಿ 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು; ಅಂದಿನಿಂದ ಕಾಗದಪತ್ರಗಳ ತಪಾಸಣೆ ಕಟುವಾಯಿತು. ಸೋತದ್ದನ್ನು ಹೇಳಿ, ಆಮೇಲೆ ಏನು ತಿದ್ದಿಕೊಂಡೆ ಎಂದು ವಿವರಿಸುವವರಿಗೆ ಈ ಪ್ರಶ್ನೆ ಅವಕಾಶವೇ. 2015ರಲ್ಲಿ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಜರ್ಮನ್‌ವಿಂಗ್ಸ್ ಸಂಸ್ಥೆಯ ಸಹಪೈಲಟ್ 150 ಜನರಿದ್ದ ವಿಮಾನವನ್ನು ಬೇಕೆಂದೇ ಬೆಟ್ಟಕ್ಕೆ ಹಾಯಿಸಿದ ಬಳಿಕ ಯುರೋಪು ಪೈಲಟ್‌ಗಳ ಮಾನಸಿಕ ಪರಿಶೀಲನೆಯನ್ನು ಕಡ್ಡಾಯ ಮಾಡಿದ್ದೂ ಇದೇ ಸಾಲಿಗೆ ಸೇರುತ್ತದೆ. ಆದರೆ ಇಲ್ಲಿ ಒಂದು ಅಳುಕು ನನಗಿದೆ. ಒಪ್ಪಿಕೊಂಡವರನ್ನು ಹೊರಗೆ ಕಳಿಸುವ ಸಂಸ್ಥೆ ಉಳಿದವರಿಗೆ ಮುಚ್ಚಿಡುವುದನ್ನೇ ಕಲಿಸುತ್ತದೆ. ಪ್ರಾಮಾಣಿಕತೆಯನ್ನು ಕೇಳುವವರು ಅದನ್ನು ತಾಳಿಕೊಳ್ಳಲೂಬೇಕು.

ಹೀಗಾಗಿ ಸಂದರ್ಶನದ ಕೊನೆಗೆ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎಂದಾಗ ಸುಮ್ಮನಿರುವುದು ಸರಿಯಲ್ಲ. ಹೊಸ ಪೈಲಟ್‌ಗೆ ಟೈಪ್ ರೇಟಿಂಗ್, ಅಂದರೆ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಯ ಖರ್ಚು ಹಲವೆಡೆ ಅವನ ತಲೆಯ ಮೇಲೇ ಬರುತ್ತದೆ. ಸಾಲದಲ್ಲಿರುವವನು ದಣಿದಿದ್ದೇನೆ ಎಂದು ಹೇಳಲು ಹಿಂಜರಿಯುತ್ತಾನೆ. ಡಿಜಿಸಿಎ 2024ರಲ್ಲಿ ಪ್ರಕಟಿಸಿದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿ ಲ್ಯಾಂಡಿಂಗ್‌ಗಳನ್ನು ಇಳಿಸಿತು. 2025ರ ನವೆಂಬರ್‌ನಲ್ಲಿ ಅದರ ಎರಡನೇ ಹಂತ ಜಾರಿಯಾದಾಗ ಸಾಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಬೇಕಾಯಿತು. ಮಂಗಳೂರಿನ ವರದಿ ಓದಿ ಬಂದ ಅಭ್ಯರ್ಥಿ ಸಂಬಳಕ್ಕೂ ಮೊದಲು ಕೇಳಬೇಕಾದ್ದು ಬೇರೆಯಿದೆ. ಆಯಾಸದ ವರದಿ ಕೊಟ್ಟರೆ ಅದನ್ನು ಓದುವವರು ಯಾರು? ಆ ದಿನದ ಹಾರಾಟಕ್ಕೆ ಬದಲಿ ಪೈಲಟ್ ಇರುತ್ತಾರೆಯೇ? ಗೋ ಅರೌಂಡ್ ಮಾಡಿದವರಿಗೆ ಖರ್ಚಾದ ಇಂಧನದ ವಿವರಣೆ ಕೇಳುತ್ತೀರಾ? ಒಳ್ಳೆಯ ಸಂದರ್ಶಕರು ಇವಕ್ಕೆ ಬೇಸರಪಡುವುದಿಲ್ಲ, ಬರೆದುಕೊಳ್ಳುತ್ತಾರೆ.