ಹಳೇ ಮೋಟಾರ್ ದೋಣಿಗೆ ಇನ್ನೆರಡು ಸೀಟು ಹಾಕಿಸಿದರೆ ಏನಾಗುತ್ತದೆ?

ಶ್ರೀರಂಗಪಟ್ಟಣದ ಸಂಗಮದಲ್ಲಿ ತೆಪ್ಪ ಹತ್ತಿದವರಿಗೆ ಅಂಬಿಗ ಮೊದಲು ಹೇಳುವುದು ಒಂದೇ ಮಾತು: 'ಕೆಳಗೆ ಕೂತ್ಕೊಳಿ, ಎದ್ದೇಳ್ಬ್ಯಾಡಿ.' ತೆಪ್ಪದಲ್ಲಿ ಸೀಟೇ ಇರುವುದಿಲ್ಲ. ಎಲ್ಲರೂ ತಳದಲ್ಲಿ, ಕಾಲು ಮಡಚಿಕೊಂಡು ಕೂರಬೇಕು. ಇದು ಬಡತನದ ಏರ್ಪಾಡು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ, ಅದರಲ್ಲಿ ಒಳ್ಳೆಯ ವಿಜ್ಞಾನವಿದೆ.

ಈ ಮಾತು ಈಗ ಯಾಕೆ ಎಂದರೆ, ಹಳೆಯ ಫೈಬರ್ ದೋಣಿಯೊಂದನ್ನು ಕಡಿಮೆ ಬೆಲೆಗೆ ಕೊಂಡು, ಬಣ್ಣ ಬಳಿದು, 'ಮಧ್ಯದಲ್ಲಿ ಇಷ್ಟು ಜಾಗ ಖಾಲಿ ಇದೆ, ಇನ್ನೊಂದು ಬೆಂಚು ಹಾಕೋಣ' ಎನ್ನುವ ಆಲೋಚನೆ ತುಂಬಾ ಸಹಜ. ಕನ್ನಂಬಾಡಿ ಹಿನ್ನೀರಾಗಲಿ, ಪಾಂಡವಪುರದ ತೊಣ್ಣೂರು ಕೆರೆಯಾಗಲಿ, ನೀರು ಕನ್ನಡಿಯಂತೆ ನಿಂತಿರುವಾಗ ಅಪಾಯ ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ದೋಣಿಯಲ್ಲಿ ಖಾಲಿ ಜಾಗ ಎಂದರೆ ಇನ್ನಷ್ಟು ಜನರಿಗೆ ಜಾಗ ಎಂದೇನೂ ಅರ್ಥವಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 14 ಅಡಿ ಉದ್ದ, 5 ಅಡಿ ಅಗಲದ ದೋಣಿ. ಮೂತಿ ಚೂಪಾಗಿರುವುದರಿಂದ ನೀರನ್ನು ಮುಟ್ಟುವ ಜಾಗ ಸುಮಾರು 4.5 ಚದರ ಮೀಟರ್ ಎಂದುಕೊಳ್ಳೋಣ. ಅದು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ 45 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು, ಅಂದರೆ 45 ಕೆ.ಜಿ. ತೂಕ ಬೇಕು. ಮೂವರು ಹೆಚ್ಚುವರಿ ಜನ, ಜೊತೆಗೆ ಬೆಂಚು ಸೇರಿ 200 ಕೆ.ಜಿ. ಆದರೆ ದೋಣಿ ನಾಲ್ಕೂವರೆ ಸೆಂಟಿಮೀಟರ್‌ನಷ್ಟು ಇಳಿಯುತ್ತದೆ. ಮೂರು ಬೆರಳಿನ ಅಗಲವೂ ಇಲ್ಲ! 'ಇಷ್ಟೇನಾ' ಎಂದು ಧೈರ್ಯ ಬರುವುದು ಇಲ್ಲೇ. ಮೋಸ ಹೋಗುವುದೂ ಇಲ್ಲೇ.

ಯಾಕೆಂದರೆ ಸಣ್ಣ ದೋಣಿ ಸಾಮಾನ್ಯವಾಗಿ ನೇರವಾಗಿ ಕೆಳಗೆ ಮುಳುಗುವುದಿಲ್ಲ, ಮಗುಚುತ್ತದೆ. ಇದೇ ದೋಣಿ ಪಕ್ಕಕ್ಕೆ 10 ಡಿಗ್ರಿ ವಾಲಿದರೆ ಸಾಕು, ಒಂದು ಬದಿಯ ಅಂಚು ಸುಮಾರು 13 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮೂವರು ಹತ್ತಿ ಕೂತಾಗ ಇಳಿದದ್ದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು.

ಎಷ್ಟು ವಾಲುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ದೋಣಿಯ ಅಗಲ ಮತ್ತು ಭಾರದ ಎತ್ತರ. ಭಾರ ಮೇಲಿದ್ದಷ್ಟೂ ದೋಣಿ ತನ್ನನ್ನು ತಾನು ನೆಟ್ಟಗೆ ಮಾಡಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ದೋಣಿ, ಎಂಜಿನ್ ಮತ್ತು ನಾಲ್ವರು ಸೇರಿ 560 ಕೆ.ಜಿ., ಅದರಲ್ಲಿ ಜನರದ್ದೇ 240 ಕೆ.ಜಿ. ಎನ್ನೋಣ. ತಗ್ಗಿನ ಹಲಗೆಯ ಬದಲು ಒಂದಡಿ ಎತ್ತರದ ಕುರ್ಚಿ ಹಾಕಿಸಿದಿರಿ. ಜನ ಒಬ್ಬರೂ ಹೆಚ್ಚಾಗಲಿಲ್ಲ, ಆದರೂ ಇಡೀ ದೋಣಿಯ ಗುರುತ್ವ ಕೇಂದ್ರ ಸುಮಾರು 13 ಸೆಂಟಿಮೀಟರ್ ಮೇಲೇರಿತು. ಸಣ್ಣ ದೋಣಿಗೆ ಇದು ಬಹಳ ದೊಡ್ಡ ಬದಲಾವಣೆ. ತೆಪ್ಪದ ಅಂಬಿಗ ಕೆಳಗೆ ಕೂರಿ ಎನ್ನುವುದು ಇದೇ ಕಾರಣಕ್ಕೆ: ಅಗಲವಾದ ತಳ, ತಗ್ಗಿನ ಭಾರ.

ಇನ್ನು ಹಳೆಯ ದೋಣಿಯದ್ದೇ ಒಂದು ಕಥೆ. ಫೈಬರ್ ದೋಣಿಗಳ ತಳದ ಹಲಗೆಯ ಕೆಳಗೆ ತೇಲಲೆಂದು ಫೋಮ್ ತುಂಬಿರುತ್ತಾರೆ. ವರ್ಷಗಳು ಕಳೆದಂತೆ ಬಿರುಕಿನಿಂದ ನೀರು ಇಳಿದು ಫೋಮ್ ಅದನ್ನು ಹೀರಿಕೊಳ್ಳಬಹುದು. 100 ಲೀಟರ್ ನೀರು ಹೀರಿದ್ದರೆ, ಇಬ್ಬರು ಪ್ರಯಾಣಿಕರು ಟಿಕೆಟ್ಟಿಲ್ಲದೆ ಒಳಗೆ ಕೂತ ಹಾಗೆ. ಹೊರಗಿನಿಂದ ಕಾಣುವುದಿಲ್ಲ. ಕಂಡುಹಿಡಿಯುವ ಸುಲಭ ದಾರಿ ಎಂದರೆ ತೂಕ. ನಮ್ಮ ಕಡೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆಯಲ್ಲ, ದೋಣಿಯನ್ನು ಗಾಡಿಯ ಸಮೇತ ಒಮ್ಮೆ, ಬರೀ ಗಾಡಿಯನ್ನು ಒಮ್ಮೆ ತೂಗಿಸಿ. ದೋಣಿ ತಯಾರಕರು ಹೇಳಿದ ತೂಕಕ್ಕಿಂತ ತುಂಬಾ ಹೆಚ್ಚು ಬಂದರೆ ಸೀಟಿನ ಯೋಚನೆ ಬಿಟ್ಟು ಮೊದಲು ತಳ ಬಿಚ್ಚಿಸಿ.

ಸೀಟು ಕೂರಿಸಲು ತಳಕ್ಕೆ ಕೊರೆಯುವ ಒಂದೊಂದು ತೂತೂ ನೀರಿಗೆ ಹೊಸ ದಾರಿ. ಒಳಗಿನ ಪ್ಲೈವುಡ್ ಕೊಳೆತಿದ್ದರೆ ಬೋಲ್ಟ್ ಹಿಡಿಯುವುದಿಲ್ಲ. ತಿರುವಿನಲ್ಲಿ ಸೀಟು ಕಿತ್ತುಬಂದರೆ ಕೂತವರೆಲ್ಲ ಒಂದೇ ಬದಿಗೆ ಬೀಳುತ್ತಾರೆ. ಹಿಂಬದಿಗೆ ಸೀಟು ಹಾಕುವುದು ಇನ್ನೂ ಕೆಟ್ಟದ್ದು. ಎಂಜಿನ್ ಭಾರವೂ ಅಲ್ಲೇ, ಎಂಜಿನ್ ಕೂರಿಸಲು ಅಂಚನ್ನು ತಗ್ಗಿಸಿರುವುದೂ ಅಲ್ಲೇ. ವೇಗದಲ್ಲಿದ್ದ ದೋಣಿಯನ್ನು ಥಟ್ಟನೆ ನಿಧಾನಿಸಿದರೆ ಅದರದ್ದೇ ಅಲೆ ಹಿಂದಿನಿಂದ ಬಂದು ಒಳಗೆ ನುಗ್ಗುತ್ತದೆ.

'ಲೈಫ್ ಜಾಕೆಟ್ ಇದೆಯಲ್ಲ' ಎನ್ನುವವರಿದ್ದಾರೆ. ಜಾಕೆಟ್ ಬೇಕೇ ಬೇಕು. ಆದರೆ ಅದು ಮನುಷ್ಯನನ್ನು ತೇಲಿಸುತ್ತದೆಯೇ ಹೊರತು ದೋಣಿ ಮಗುಚುವುದನ್ನು ತಡೆಯುವುದಿಲ್ಲ. ಒತ್ತೊತ್ತಾಗಿ ಸೀಟು ತುಂಬಿ ಮೇಲೊಂದು ಚಾವಣಿ ಹಾಕಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ಇವೆಲ್ಲ ಪುಸ್ತಕದ ಬದನೆಕಾಯಿ ಅಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಿದ್ದರು. 2019ರ ಜನವರಿ 21ರಂದು ನಮ್ಮ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ, ಅವರಲ್ಲಿ ಅನೇಕರು ಮಕ್ಕಳು. ತಾನೂರಿನ ಆ ದೋಣಿ ಮೊದಲು ಮೀನುಗಾರಿಕೆಯ ದೋಣಿಯಾಗಿತ್ತು, ಅದನ್ನೇ ಪ್ರವಾಸಿಗಳಿಗಾಗಿ ಮಾರ್ಪಡಿಸಿದ್ದರು.

ಹಾಗಾದರೆ ಎಷ್ಟು ಜನ ಕೂರಬಹುದು? ದೋಣಿಯ ಮೇಲೆ ತಯಾರಕರ ಫಲಕವಿದ್ದರೆ ಅದೇ ಕೊನೆಯ ಮಾತು. ಫಲಕ ಕಳೆದುಹೋಗಿದ್ದರೆ, 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಅಮೆರಿಕದ ಕರಾವಳಿ ಕಾವಲು ಪಡೆ ಹೇಳುವ ಒಂದು ಸ್ಥೂಲ ಸೂತ್ರವಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಿ. ನಮ್ಮ ದೋಣಿಗೆ 70 ಭಾಗಿಸು 15, ಅಂದರೆ 4.67. ಇದನ್ನು ಐದು ಎನ್ನಬೇಡಿ, ನಾಲ್ಕು ಎನ್ನಿ. ಅದರಲ್ಲಿ ಓಡಿಸುವವನೂ ಸೇರಿದ. ಅದೂ ನೀರು ಶಾಂತವಾಗಿದ್ದಾಗ. ಸೀಟು ಆರಿದ್ದರೂ ಜನ ನಾಲ್ಕೇ.

ಬಾಡಿಗೆಗೆ ಓಡಿಸುವ ಯೋಚನೆಯಿದ್ದರೆ ವಿಷಯ ಬೇರೆ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗೆ ತಪಾಸಣೆ ಮತ್ತು ನೋಂದಣಿ ಆಗಬೇಕು, ಅದರ ಬಲ, ಸ್ಥಿರತೆ ಅಥವಾ ಸುರಕ್ಷತೆಗೆ ತಟ್ಟುವ ಮಾರ್ಪಾಡಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಬೆಂಚು ಸೇರಿಸುವುದು ಬಡಗಿ ಮತ್ತು ಮಾಲೀಕನ ನಡುವೆ ಮುಗಿಯುವ ವ್ಯವಹಾರವಲ್ಲ.

ಮನೆಯವರಿಗಷ್ಟೇ ಇಟ್ಟುಕೊಂಡ ದೋಣಿಯಾದರೆ, ಮಿತಿಯೊಳಗೇ ಸೀಟು ಬದಲಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೊಣಕಾಲುದ್ದದ ನೀರಿನಲ್ಲಿ, ಒಳಗೆ ಯಾರೂ ಇಲ್ಲದಾಗ, 20 ಲೀಟರ್ ನೀರಿನ ಕ್ಯಾನುಗಳನ್ನು ಒಬ್ಬರಿಗೆ ಮೂರರಂತೆ ಸೀಟುಗಳ ಮೇಲೇ ಕಟ್ಟಿ ಇಡಿ. ನೆಲದ ಮೇಲಿಟ್ಟರೆ ಪರೀಕ್ಷೆ ಸುಳ್ಳಾಗುತ್ತದೆ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಒಂದೇ ಬದಿಗೆ ಸರಿಸುತ್ತಾ ಬನ್ನಿ, ಅಂಚು ನೀರಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಅಂಗೈ ಅಗಲದಷ್ಟೂ ಉಳಿಯದಿದ್ದರೆ ಆ ಸೀಟು ಬಿಚ್ಚಿಸಿ.