ಹುಲ್ಲಿನ ಮನೆತನದ ಒಂದು ರೂಢಿ

ಗಣಪತಿಗೆ ನಾವು ಏರಿಸುವ ಗರಿಕೆಯೂ, ಆಸ್ಟ್ರೇಲಿಯಾದವರು ಅಂಗಳದಲ್ಲಿ ಬೆಳೆಸುವ ಕೌಚ್ ಹುಲ್ಲೂ ಒಂದೇ. (ಡಾಕ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮಂಥವರು ಹಬ್ಬದ ದಿನ ಅಂಗಳವಿರುವ ಸ್ನೇಹಿತರನ್ನು ಹುಡುಕಬೇಕು, ಅಷ್ಟೆ!) ಭತ್ತ, ರಾಗಿ, ಜೋಳ, ಗೋಧಿ, ಮೆಕ್ಕೆಜೋಳ, ಕಬ್ಬು, ಬಿದಿರು ಎಲ್ಲವೂ ಇದೇ ಹುಲ್ಲಿನ ಕುಟುಂಬದವು. ಈ ಕುಟುಂಬದ ಜೀನುಗಳಿಗೆ ಒಂದು ವಿಶೇಷ ರೂಢಿಯಿದೆ.

ಜೀನ್ ಎಂದರೆ ಪ್ರೋಟೀನ್ ತಯಾರಿಸಲು ಡಿ.ಎನ್.ಎ.ಯಲ್ಲಿ ಬರೆದಿಟ್ಟ ಸೂಚನೆ. ಆ ಲಿಪಿಗೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಮೂರಕ್ಷರ ಸೇರಿದರೆ ಒಂದು ಪದ, ಅದೇ ಕೋಡಾನ್. ಒಟ್ಟು 64 ಕೋಡಾನ್‌ಗಳಲ್ಲಿ ಮೂರು ಪೂರ್ಣವಿರಾಮದ ಚಿಹ್ನೆಗಳು. ಉಳಿದ 61 ಸೇರಿ ಸೂಚಿಸುವುದು 20 ಅಮೈನೋ ಆಮ್ಲಗಳನ್ನು ಮಾತ್ರ. ಆದ್ದರಿಂದ ಒಂದೇ ಅರ್ಥಕ್ಕೆ ಹಲವು ಪದಗಳಿವೆ. ಲ್ಯೂಸೀನ್ ಒಂದಕ್ಕೇ ಆರು! ಮೈಸೂರಿನವರು ‘ಚೆನ್ನಾಗಿದೆ’ ಎಂದರೆ ಧಾರವಾಡದವರು ‘ಚಲೋ ಐತಿ’ ಎನ್ನುವುದಿಲ್ಲವೇ? ಜೀವಿಗಳಲ್ಲೂ ಹಾಗೆಯೇ: ಅರ್ಥ ಒಂದೇ, ರೂಢಿ ಬೇರೆ. ಈ ವ್ಯತ್ಯಾಸ ಹೆಚ್ಚಾಗಿ ಕೋಡಾನ್‌ನ ಮೂರನೆಯ ಅಕ್ಷರದಲ್ಲಿ ಕಾಣುತ್ತದೆ.

ಸಾಸಿವೆಯ ನೆಂಟನಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಜೀನುಗಳು ಹೆಚ್ಚುಕಡಿಮೆ ಒಂದೇ ರೂಢಿಯವು. ಭತ್ತದಲ್ಲಿ ಹಾಗಲ್ಲ, ಎರಡು ಪಂಗಡಗಳಿವೆ. ಒಂದು ಅರಾಬಿಡಾಪ್ಸಿಸ್‌ನದನ್ನು ಹೋಲುತ್ತದೆ. ಇನ್ನೊಂದು ಪಂಗಡಕ್ಕೆ ಮೂರನೆಯ ಸ್ಥಾನದಲ್ಲಿ ಜಿ ಅಥವಾ ಸಿ ಎಂದರೆ ಬಲು ಪ್ರೀತಿ. ಕೆಲವು ಜೀನುಗಳಲ್ಲಿ ಇದು ಶೇಕಡ 90ನ್ನೂ ಮೀರುತ್ತದೆ. ಗೋಧಿ, ಮೆಕ್ಕೆಜೋಳಗಳಲ್ಲೂ ಹೀಗೆಯೇ. ಇನ್ನೂ ಸೋಜಿಗವೆಂದರೆ, ಇಂಥ ಅನೇಕ ಜೀನುಗಳ ಆರಂಭದಲ್ಲಿ ಜಿ, ಸಿ ದಟ್ಟವಾಗಿದ್ದು ಕೊನೆಯ ಕಡೆಗೆ ಇಳಿಜಾರಿನಂತೆ ಕಡಿಮೆಯಾಗುತ್ತವೆ.

ಏಕೆ ಹೀಗೆ? ಪ್ರೋಟೀನ್ ತಯಾರಿಕೆ ಸುಗಮವಾಗಲೆಂದು ಪ್ರಕೃತಿ ಆರಿಸಿದ್ದು ಎಂಬುದು ಒಂದು ವಾದ. ಇನ್ನೊಂದು ವಾದ ಹೀಗಿದೆ: ಪರಾಗ ಮತ್ತು ಅಂಡಾಣು ರೂಪುಗೊಳ್ಳುವಾಗ ತಂದೆತಾಯಿಗಳ ಡಿ.ಎನ್.ಎ. ತುಂಡುಗಳು ಅದಲುಬದಲಾಗುತ್ತವೆ. ಆಗ ಅಕ್ಷರಗಳು ಹೊಂದದಿದ್ದರೆ ಕೋಶವು ಜಿ ಅಥವಾ ಸಿ ಪರವಾಗಿ ತಿದ್ದುವುದೇ ಹೆಚ್ಚು. ಈ ಅದಲುಬದಲು ಜೀನುಗಳ ಆರಂಭದ ಬಳಿ ಹೆಚ್ಚಾಗಿ ನಡೆಯುವುದರಿಂದ ಇಳಿಜಾರಿಗೂ ಕಾರಣ ಸಿಗುತ್ತದೆ. ನಮಗೆ ಈ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಇದು ಬರೀ ಕುತೂಹಲದ ವಿಷಯವಲ್ಲ. ಕೀಟಗಳನ್ನು ಕೊಲ್ಲುವ ಬಿ.ಟಿ. ಬ್ಯಾಕ್ಟೀರಿಯಾದ ಜೀನಿನಲ್ಲಿ ಎ, ಟಿ ಹೆಚ್ಚು. ಅದನ್ನು ಇದ್ದಂತೆಯೇ ಗಿಡಕ್ಕೆ ಸೇರಿಸಿದಾಗ ಪ್ರೋಟೀನ್ ತೀರ ಕಡಿಮೆ ಬಂತು. 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಅರ್ಥ ಉಳಿಸಿಕೊಂಡು ಕೋಡಾನ್‌ಗಳನ್ನು ಗಿಡದ ರೂಢಿಗೆ ಬದಲಿಸಿದರು. ಬಿ.ಟಿ. ಮೆಕ್ಕೆಜೋಳ ಬಂದದ್ದು ಹೀಗೆ. ಬಿ.ಟಿ. ಬೆಳೆ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಅದರ ಹಿಂದಿನ ಕೆಲಸ ಮಾತ್ರ ತಿಳಿಯತಕ್ಕದ್ದು.

ಜೀನುಗಳನ್ನು ಎಣಿಸುವುದಕ್ಕೂ ಈ ರೂಢಿ ಗೊತ್ತಿರಬೇಕು, ಏಕೆಂದರೆ ಜೀನು ಹುಡುಕುವ ಕಂಪ್ಯೂಟರ್ ಪ್ರೋಗ್ರಾಂಗಳು ಕೋಡಾನ್ ರೂಢಿಯ ಜಾಡು ಹಿಡಿದೇ ನಡೆಯುತ್ತವೆ. 2002ರಲ್ಲಿ ಇಂಡಿಕಾ ಭತ್ತಕ್ಕೆ 46 ಸಾವಿರದಿಂದ 55 ಸಾವಿರ ಜೀನುಗಳೆಂದು ಅಂದಾಜಿಸಲಾಗಿತ್ತು. ಭಾರತವೂ ಪಾಲ್ಗೊಂಡಿದ್ದ ಅಂತರರಾಷ್ಟ್ರೀಯ ಯೋಜನೆ 2005ರಲ್ಲಿ ಜಪಾನಿಕಾ ಭತ್ತಕ್ಕೆ ಕೊಟ್ಟ ಲೆಕ್ಕ 37,544. ಇಳಿಜಾರಿನ ಜೀನುಗಳು ಎಣಿಕೆಯನ್ನು ಕಷ್ಟವಾಗಿಸಿದ ಕಾರಣಗಳಲ್ಲಿ ಒಂದು.

ನಮ್ಮ ರಾಗಿಯ ಸರದಿ ಬಂದದ್ದು 2017ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎಂ.ಎಲ್.-365 ತಳಿಯ ಜೀನೋಮ್ ಪ್ರಕಟಿಸಿದರು. ರಾಗಿಯಲ್ಲಿ ಎರಡು ಪೂರ್ವಜ ಹುಲ್ಲುಗಳ ವರ್ಣತಂತುಗಳು ಒಟ್ಟಿಗೆ ಸೇರಿ 36 ಇವೆ. ಹಾಗಾಗಿ ಅಲ್ಲಿ ಒಂದೇ ಜೀನು ತುಸು ಬೇರೆ ಅಕ್ಷರಗಳಲ್ಲಿ ಎರಡು ಸಲ ಸಿಗುವುದು ಸಾಮಾನ್ಯ.